ಅರವತ್ತು ಎಡತೋಳುಗಳು

ಹೋದ ಸೋಮವಾರ ಹಾವೇರಿಯಲ್ಲಿ ಒಂದು ರಕ್ತ ತಪಾಸಣೆಯ ಲ್ಯಾಬಿನ ಬೆಂಚಿನ ಮೇಲೆ ಕುಳಿತಿದ್ದೆ. ಪಕ್ಕದಲ್ಲಿ ನನ್ನ ಹೆಂಡತಿ ಪ್ರೇಮಲತಾ ಸೆರಗನ್ನು ಎರಡು ಸುತ್ತು ಹೊದ್ದುಕೊಂಡು, ಸೂಜಿ ಚುಚ್ಚಿದಲ್ಲಿ ಹತ್ತಿ ಒತ್ತಿಕೊಂಡು, ಕಣ್ಣು ಮುಚ್ಚಿಕೊಂಡಿದ್ದಳು. ಆ ಹತ್ತಿಯಿಂದ ಸ್ಪಿರಿಟ್ಟಿನ ವಾಸನೆ ಬರುತ್ತಿತ್ತು. ನೀವೂ ಯಾವಾಗಲಾದರೂ ಇಂಥ ಬೆಂಚಿನ ಮೇಲೆ ಕುಳಿತಿರುತ್ತೀರಿ. ರಿಪೋರ್ಟು ಬರುವವರೆಗಿನ ಒಂದು ತಾಸು ಹೇಗಿರುತ್ತದೆಂದು ನಾನು ಹೇಳಬೇಕಾಗಿಲ್ಲ.

ಎರಡು ದಿನದ ಜ್ವರಕ್ಕೆ ರಾಣೆಬೆನ್ನೂರಿನಿಂದ ಹಾವೇರಿಗೆ ಯಾರೂ ಓಡಿ ಬರುವುದಿಲ್ಲ. ಆದರೆ ನಮ್ಮ ಡಾಕ್ಟರು, "ಹೋದ ವರ್ಷ ಆಫ್ರಿಕಾಕ್ಕ ಹೋಗಿ ಮಲೇರಿಯಾ ಹಚ್ಚಿಕೊಂಡು ಬಂದೋರು ನೀವು. ಸುಮ್ನ ಕುಂದ್ರಬ್ಯಾಡ್ರಿ, ರಕ್ತ ನೋಡಸ್ರಿ," ಎಂದಿದ್ದರು. ಹತ್ತಿಯ ಆ ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿದದ್ದೇ, ಹಾವೇರಿಯ ಬೆಂಚು ಹೋಗಿ ಮಲಾವಿ ದೇಶದ ಒಂದು ಹಳ್ಳಿಯ ಬೆಂಚು ಬಂತು. ಅಲ್ಲಿಯೂ ಹೀಗೆಯೇ ಕುಳಿತಿದ್ದೆ. ಆದರೆ ಅಲ್ಲಿ ಕುಳಿತವನಿಗೂ ಇಲ್ಲಿ ಕುಳಿತವನಿಗೂ ಸ್ವಲ್ಪ ವ್ಯತ್ಯಾಸವಿದೆ. ಅದನ್ನೇ ಹೇಳಬೇಕೆಂದಿದ್ದೇನೆ.

ನಾನು ಇಪ್ಪತ್ತೆಂಟು ವರ್ಷ ರಾಣೆಬೆನ್ನೂರಿನ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದೆ. ಬ್ಯಾಡಗಿ ಬಸ್ಸು ಎಷ್ಟಕ್ಕೆ, ಕಾಗಿನೆಲೆಯದು ಯಾವ ಪ್ಲಾಟ್‌ಫಾರ್ಮಿಗೆ, ಹಾವೇರಿಯದು ಬಿಟ್ಟಿತೋ ಇಲ್ಲವೋ, ಎಲ್ಲವನ್ನೂ ಮೈಕಿನಲ್ಲಿ ಕೂಗಿ ಊರಿಗೆಲ್ಲ ದಾರಿ ತೋರಿಸಿದವನು. ನಾನು ಮಾತ್ರ ಎಲ್ಲಿಗೂ ಹೋದವನಲ್ಲ. ನನ್ನ ಹೆಂಡತಿಯದು ಬೇರೆ ಜಾತಕ. ಬ್ಯಾಡಗಿಯ ತವರುಮನೆಯಿಂದ ಒಂದು ಹೊಲಿಗೆ ಯಂತ್ರ ತಂದವಳು ನಮ್ಮ ಪಡಸಾಲೆಯಲ್ಲಿ ಕ್ಲಾಸು ಶುರುಮಾಡಿದಳು. ಸುತ್ತಲಿನ ಎಷ್ಟೋ ಮನೆಗಳಲ್ಲಿ ಇವತ್ತು ಹೊಲಿಗೆ ಯಂತ್ರದ ಸಪ್ಪಳವಿದ್ದರೆ ಅದು ಅವಳ ಶಿಷ್ಯೆಯರದು. ಊರಲ್ಲಿ ನನ್ನನ್ನು 'ಪ್ರೇಮಕ್ಕ ಟೀಚರ್ ಯಜಮಾನ್ರು' ಎಂದೇ ಗುರುತಿಸುತ್ತಾರೆ. ನಿವೃತ್ತನಾದ ಮೇಲಂತೂ ನನಗೆ ಉಳಿದಿರುವುದು ಆ ಒಂದೇ ಹುದ್ದೆ.

ನಮ್ಮ ಚರ್ಚಿನ ಸಭೆಯ ಬೋಧಕರಾದ ಅಯ್ಯನವರಿಗೆ ಮಲಾವಿಯ ಒಬ್ಬ ಪಾಸ್ಟರ ಪರಿಚಯವಿತ್ತು. ಅಲ್ಲಿಯ ಸಭೆಯ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವವರು ಬೇಕಾಗಿದ್ದರು. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಅಯ್ಯನವರು ನೇರವಾಗಿ ಪ್ರೇಮಳನ್ನೇ ಕೇಳಿದರು. "ಟೀಚರ್, ಮೂರು ವಾರದ ಸೇವೆ. ನಾನು, ನಮ್ಮ ಮನೆಯವರು ಹೊಂಟೇವಿ. ನೀವೂ ಬರ್ರಿ."

"ಇವರನ್ನ ಬಿಟ್ಟು ಹೆಂಗ ಬರ್ಲಿರಿ? ಇವರಿಗೆ ಚಾ ಕಾಸಾಕೂ ಬರಂಗಿಲ್ಲ."

"ಅವರನ್ನೂ ಕರಕೊಂಡು ಬರ್ರಿ. ಜೋಡಿ ಆಗತೈತಿ."

ಹೀಗೆ ನಾನು ಸಾಮಾನಿನ ಲೆಕ್ಕದಲ್ಲಿ ಸೇರಿದೆ. ಪ್ರಯಾಣಿಕರ ಪಟ್ಟಿಯಲ್ಲಿ ಅಯ್ಯನವರ ಹೆಸರಿನ ಮುಂದೆ 'ಬೋಧಕರು' ಎಂದಿತ್ತು, ಪ್ರೇಮಳ ಮುಂದೆ 'ಹೊಲಿಗೆ ಶಿಕ್ಷಕಿ', ನನ್ನ ಮುಂದೆ 'ಸಹಾಯಕ'. ಸಭೆಯ ಮುಂದೆ ನಿಂತು ಪ್ರಸಂಗ ಮಾಡಬೇಕಾಗಿಲ್ಲ ಎಂದು ತಿಳಿದು ಒಳಗೊಳಗೇ ದೇವರಿಗೆ ಸ್ತೋತ್ರ ಹೇಳಿದೆ. ಮೈಕಿನಲ್ಲಿ ಬಸ್ಸಿನ ಹೆಸರು ಕೂಗುವುದು ಬೇರೆ, ದೇವರ ಹೆಸರು ಹೇಳುವುದು ಬೇರೆ. ಕರ್ಜಗಿಯ ನನ್ನ ಗೆಳೆಯ ಬಸಪ್ಪ, ಹೊಲದ ಕೆಲಸ ಬಿಟ್ಟು ಬೀಳ್ಕೊಡಲು ಬಂದವನು, ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ: "ಅಲ್ಲೋ, ತಂಗಿ ಹೊಲಿಗಿ ಕಲಸ್ತಾಳ. ಅಯ್ನೋರು ದೇವರ ಮಾತು ಹೇಳ್ತಾರ. ನೀ ಅಲ್ಲಿ ಹೋಗಿ ಏನ ಮಾಡಾಂವ?" ಅದಕ್ಕೊಂದು ಉತ್ತರವನ್ನು ವಿಮಾನದಲ್ಲಿ ಇಡೀ ದಾರಿ ಹುಡುಕಿದೆ.

ನಮ್ಮ ಜೊತೆ ಒಂದು ದೊಡ್ಡ ಬಟ್ಟೆಯ ಗಂಟು ಬಂದಿತ್ತು. ಬ್ಯಾಡಗಿಯ ನಮ್ಮ ಸಭೆಯ ಹೆಣ್ಣುಮಕ್ಕಳು, ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಕೆಲಸಕ್ಕೆ ಹೋಗುವವರು, ತಮ್ಮತಮ್ಮಲ್ಲೇ ಕೂಡಿಸಿ ಕೊಂಡುಕೊಟ್ಟ ಆಕಾಶನೀಲಿ ಪಾಪ್ಲಿನ್ ಅದು. ಅಲ್ಲಿಯ ಶಾಲೆಯ ಒಂದನೇ ತರಗತಿಯ ಮೂವತ್ತು ಮಕ್ಕಳಿಗೆ ಅಂಗಿಯಾಗಬೇಕು. ಕೊಡುವಾಗ ಅವರಲ್ಲಿ ಹಿರಿಯಳಾದ ನೀಲವ್ವ ಗಂಟಿನ ಮೇಲೆ ಕೈಯಿಟ್ಟು, "ಒಂದು ಚೂರೂ ಹಾಳ ಮಾಡಬ್ಯಾಡ್ರಿ ಟೀಚರ್," ಎಂದಿದ್ದಳು. ಹೇಳಿದ್ದು ಟೀಚರಿಗೆ. ನೋಡಿದ್ದು ಮಾತ್ರ ನನ್ನನ್ನು ಎಂದು ಈಗ ಅನ್ನಿಸುತ್ತದೆ.

ಆ ಹಳ್ಳಿಯಲ್ಲಿ ಕೆಂಪು ಮಣ್ಣು, ಎಲ್ಲಿ ನೋಡಿದರೂ ಗೋವಿನಜೋಳ. ನಮ್ಮ ರಾಣೆಬೆನ್ನೂರಿನ ಸುತ್ತಲಿನಂತೆಯೇ ಇದ್ದದ್ದರಿಂದ ನನಗೆ ಸ್ವಲ್ಪ ನಿರಾಸೆಯೂ ಆಯಿತು. ಅಷ್ಟು ದೂರ ಹಾರಿ ಬಂದು ಮತ್ತೆ ಗೋವಿನಜೋಳವೇ? ಅದರ ಬಿಳಿ ಹಿಟ್ಟಿನ ಮುದ್ದೆಯೇ ಅವರ ಎರಡು ಹೊತ್ತಿನ ಊಟ. ಪ್ರೇಮ ತಂದಿದ್ದ ಬ್ಯಾಡಗಿ ಖಾರದ ಪುಡಿಯನ್ನು ಅವರಿಗೆಲ್ಲ ರುಚಿಗೆ ಕೊಟ್ಟಳು. ಅದರ ಬಣ್ಣ ನೋಡಿ ಹೆದರಿ, ನೀರು ಹತ್ತಿರವಿಟ್ಟುಕೊಂಡು, ಚಿಟಿಕೆಯಷ್ಟು ನಾಲಿಗೆಗೆ ಹಚ್ಚಿಕೊಂಡರು. ಬಣ್ಣವಿದ್ದಷ್ಟು ಖಾರವಿಲ್ಲವೆಂದು ಗೊತ್ತಾದದ್ದೇ ಒಬ್ಬರನ್ನೊಬ್ಬರು ನೋಡಿ ನಕ್ಕರು. ನಮ್ಮ ನಡುವೆ ಮಾತು ಶುರುವಾದದ್ದು ಹೀಗೆ.

ಕ್ಲಾಸು ನಡೆಯುತ್ತಿದ್ದುದು ಚರ್ಚಿನಲ್ಲಿ. ಹದಿನಾಲ್ಕು ಜನ ಹೆಂಗಸರು, ನಾಲ್ಕು ತುಳಿಯುವ ಯಂತ್ರ. ಅವರಲ್ಲಿ ಎಲ್ಲರಿಗಿಂತ ಚುರುಕಾದವಳು ಎಸ್ನಾತ್ ಎಂಬ ಐವತ್ತರ ಹೆಂಗಸು. ಅಲ್ಲಿ ಹಿರಿಯ ಹೆಂಗಸರನ್ನು 'ಮಾಯಿ' ಎನ್ನುತ್ತಾರೆ; ನಮಗೂ ಅದು ತಾಯಿ ಎಂದೇ ಕೇಳಿಸುವುದರಿಂದ ನಾವೂ ಅವಳನ್ನು ಮಾಯಿ ಎಸ್ನಾತ್ ಎಂದೇ ಕರೆದೆವು. ಪ್ರೇಮ ಕನ್ನಡದಲ್ಲಿ ಹೇಳುವುದು, ಅಯ್ಯನವರು ಅದನ್ನು ಇಂಗ್ಲಿಷಿಗೆ ತರುವುದು, ಅಲ್ಲಿಯ ಪಾಸ್ಟರು ಅದನ್ನು ಅವರ ಭಾಷೆಗೆ ತಿರುಗಿಸುವುದು. ಮೊದಲ ದಿನ ಅವಳು ಒಂದು ಹೂವಿನ ಅಚ್ಚಿನ ಬಟ್ಟೆಯ ತುಂಡು ಹಿಡಿದು, ಬಟ್ಟೆಗೆ ಮುಖವಿರುತ್ತದೆ, ಬೆನ್ನಿರುತ್ತದೆ ಎಂದು ಕಲಿಸಿದಳು. ಕತ್ತರಿಸಿದ ಪ್ರತಿ ತುಂಡಿನ ಮುಖಕ್ಕೆ ಚಾಕ್‌ಪೀಸಿನಿಂದ ಗುಣಿಸುವ ಗುರುತು ಹಾಕಬೇಕು, ಹೊಲಿದ ಮೇಲೆ ಆ ಗುರುತು ಹೊರಗೇ ಇರಬೇಕು. ಅವಳ ಕ್ಲಾಸಿನಲ್ಲಿ ಇದು ಹತ್ತು ಆಜ್ಞೆಗಳ ಜೊತೆಗೆ ಹನ್ನೊಂದನೆಯದು. ಗುರುತು ಹಾಕುವ ಕೆಲಸ ಸಹಾಯಕನಾದ ನನಗೆ ಬಂತು. ಬಸಪ್ಪನಿಗೆ ಕೊಡಲು ಒಂದು ಉತ್ತರ ಸಿಕ್ಕಿತೆಂದು ನಾನು ಬಹಳ ಶ್ರದ್ಧೆಯಿಂದ ಹಾಕತೊಡಗಿದೆ.

ಹತ್ತನೆಯ ದಿನಕ್ಕೆ ಅಂಗಿಯ ಮೈಭಾಗಗಳನ್ನೆಲ್ಲ ಕತ್ತರಿಸಿ ಮುಗಿದಿತ್ತು. ಅಯ್ಯನವರು, ಅವರ ಮನೆಯವರು, ಭಾಷೆ ತಿರುಗಿಸುವ ಪಾಸ್ಟರು ಮೂವರೂ ದೂರದ ಇನ್ನೊಂದು ಸಭೆಯ ಕೂಟಕ್ಕೆಂದು ನಾಲ್ಕು ದಿನದ ಮಟ್ಟಿಗೆ ಹೋದರು. ಅವರು ಹೋದ ಮಧ್ಯಾಹ್ನವೇ ಪ್ರೇಮಳಿಗೆ ಚಳಿ ಹತ್ತಿತು. ಹಲ್ಲು ಕಟಕಟ ಎನ್ನುವಂಥ ಚಳಿ. ಮಲೇರಿಯಾ ಬಾರದಂತೆ ತೆಗೆದುಕೊಳ್ಳಬೇಕಾಗಿದ್ದ ಗುಳಿಗೆಯನ್ನು, ವಾಕರಿಕೆ ಬರುತ್ತದೆಂದು ಅವಳು ನಾಲ್ಕು ದಿನದಿಂದ ಬಿಟ್ಟಿದ್ದಳಂತೆ. ಅದು ನನಗೆ ಆಗ ತಿಳಿಯಿತು.

ಪಾಸ್ಟರ ಹೆಂಡತಿ ಸೈಕಲ್ ಟ್ಯಾಕ್ಸಿಯ ಹಿಂದೆ ಅವಳನ್ನು ಕೂರಿಸಿ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದಳು. ನಾನು ಹಿಂದೆ ಓಡಿದೆ. ಅಲ್ಲಿ ಬೆರಳಿಗೆ ಸ್ಪಿರಿಟ್ ಒರೆಸಿ ಒಂದು ಹನಿ ರಕ್ತವನ್ನು ಸಣ್ಣ ಪಟ್ಟಿಯ ಮೇಲೆ ಬಿಟ್ಟರು. ಒಂದು ಗೆರೆ ಮೂಡಿದರೆ ಏನೂ ಇಲ್ಲ, ಎರಡು ಮೂಡಿದರೆ ಮಲೇರಿಯಾ. ನಾನು ಬೆಂಚಿನ ಮೇಲೆ ಕುಳಿತು, ಎರಡನೆಯ ಗೆರೆ ಬಾರದಿರಲೆಂದು ಪ್ರಾರ್ಥಿಸುತ್ತಿದ್ದಂತೆಯೇ ಅದು ಮೂಡಿತು. "ಏನಂತರೀ?" ಎಂದಳು ಪ್ರೇಮ. "ಏನಿಲ್ಲ ಬಿಡು, ಸಣ್ಣದು. ಗುಳಿಗಿ ಕೊಡ್ತಾರಂತ," ಎಂದೆ. ನನ್ನ ಕಾಲು ನಡುಗುತ್ತಿದ್ದುದು ಅವಳಿಗೆ ಕಾಣಿಸದಿರಲೆಂದು ಎದ್ದು ನಿಂತೆ. ಮೂರು ದಿನ, ದಿನಕ್ಕೆ ಎರಡು ಸಲ ಗುಳಿಗೆ. ಅಂಜಿದರೆ ಅಂಜಿದ್ದೇನೆಂದು ಹೆಂಡತಿಯ ಮುಂದೆ ಹೇಳಬಾರದು ಎನ್ನುವುದು ನಾನು ಮದುವೆಯಾದ ದಿನದಿಂದ ಪಾಲಿಸಿಕೊಂಡು ಬಂದ ನಿಯಮ. ಯಾರು ಕಲಿಸಿದರೆಂದು ನೆನಪಿಲ್ಲ.

ಮಾರನೆಯ ಬೆಳಿಗ್ಗೆ ಹೆಂಗಸರು ಎಂದಿನಂತೆ ಬಂದರು. ಕೆಲವರು ಎಷ್ಟು ದೂರದಿಂದ ನಡೆದು ಬರುತ್ತಿದ್ದರೆಂದರೆ, ವಾಪಸು ಹೋಗಿ ಎನ್ನಲು ಬಾಯಿ ಬರಲಿಲ್ಲ. ಚಾಪೆಯ ಮೇಲೆ ಮಲಗಿದ್ದ ಪ್ರೇಮಳನ್ನು ಕೇಳಿದೆ: "ತೋಳು ಹೆಂಗ ಕತ್ತರಸ್ಲಿ?"

"ಬಟ್ಟಿ ಮಡಚಿ... ಜೋಡಿ ಜೋಡಿ..." ಎಂದವಳು ಮತ್ತೆ ಜ್ವರದ ಮಂಪರಿಗೆ ಜಾರಿದಳು.

ಮಡಚುವುದೇಕೆ ಎಂದು ನನಗೆ ಹೊಳೆಯಲಿಲ್ಲ. ವೇಳೆ ಉಳಿಸುವುದು ನನ್ನ ರಕ್ತದಲ್ಲೇ ಇರುವ ಗುಣ. ಬಟ್ಟೆಯನ್ನು ಪದರ ಪದರವಾಗಿ ಒಂದರ ಮೇಲೊಂದು ಹರಡಿಸಿ, ಅವಳ ಕಾಗದದ ತೋಳನ್ನು ಮೇಲಿಟ್ಟು, ಒಂದೇ ಏಟಿಗೆ ಹತ್ತು ಹತ್ತು ಕತ್ತರಿಸುವಂತೆ ಹೆಂಗಸರಿಗೆ ಕೈಸನ್ನೆಯಲ್ಲಿ ತೋರಿಸಿದೆ. ಮಧ್ಯಾಹ್ನದೊಳಗೆ ಅರವತ್ತು ತೋಳು ತಯಾರು! ಪ್ರತಿಯೊಂದರ ಮೇಲ್ಮೈಗೂ ನಾನೇ ಕುಳಿತು ಗುಣಿಸುವ ಗುರುತು ಹಾಕಿದೆ. ಇಡ್ಲಿ ತಟ್ಟೆಯಿಂದ ತೆಗೆದ ಹಾಗೆ ಅರವತ್ತೂ ಒಂದೇ ಅಚ್ಚು. ನೋಡಿ ಕಣ್ಣು ತುಂಬಿ ಬಂತು.

ಮೊದಲ ಅಂಗಿಯನ್ನು ಎಸ್ನಾತ್ ಹೊಲಿದಳು. ಅವಳ ಮೊಮ್ಮಗಳಿಗೆ ತೊಡಿಸಿ ನೋಡಿದರು. ಎಡತೋಳು ಚೆನ್ನಾಗಿ ಕೂತಿತ್ತು. ಬಲತೋಳು ತಿರುಚಿಕೊಂಡು ಬೆನ್ನಿನ ಕಡೆ ಎಳೆಯುತ್ತಿತ್ತು. ಆ ಮಗು ಬಲಗೈಯನ್ನು ಮುಂದೆ ತರಲಾರದೆ ಹೊಲದ ಬೆದರುಬೊಂಬೆಯಂತೆ ನಿಂತಿತು. ಹದಿನಾಲ್ಕು ಜನರೂ ಅಂಗಿಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಆಗ ಕಾಗದದ ತೋಳನ್ನು ಕೈಗೆತ್ತಿಕೊಂಡು ಸರಿಯಾಗಿ ನೋಡಿದೆ. ಅದರ ಮುಂದಿನ ಬಾಗು ಹೆಚ್ಚು, ಹಿಂದಿನದು ಕಡಿಮೆ. ಎಡಗೈಗೆ ಒಂದು, ಬಲಗೈಗೆ ಅದರ ತಿರುವು. ಬಟ್ಟೆ ಮಡಚಿ ಕತ್ತರಿಸಿದರೆ ಎರಡೂ ತಾವಾಗಿಯೇ ಬರುತ್ತವೆ. ನಾನು ಮಾಡಿಸಿದ್ದು ಅರವತ್ತೂ ಎಡತೋಳು.

ನೀಲವ್ವನ ಕೈ ಗಂಟಿನ ಮೇಲೆ ಇದ್ದದ್ದು ನೆನಪಾಯಿತು. ಮೈಭಾಗಗಳನ್ನು ಕತ್ತರಿಸಿ ಉಳಿದದ್ದೆಲ್ಲ ಈ ತೋಳುಗಳಿಗೇ ಮುಗಿದಿತ್ತು. ಅಂಥ ಬಣ್ಣದ ಬಟ್ಟೆ ಆ ಹಳ್ಳಿಯ ಸಂತೆಯಲ್ಲಿ ಇಲ್ಲ. ಮೂವತ್ತು ಮಕ್ಕಳಿಗೆ ಅಳತೆ ತೆಗೆದಾಗಿದೆ, ಅವು ದಿನಾ ಕಿಟಕಿಯಿಂದ ಇಣುಕಿ ನೋಡಿ ಹೋಗುತ್ತವೆ. ಯಾರಿಗೆ ಹೇಳಲಿ? ಭಾಷೆ ಬಲ್ಲವರು ಊರಲ್ಲಿಲ್ಲ. ಹೇಳಬೇಕಾದವಳು ಜ್ವರದಲ್ಲಿ ಮಲಗಿದ್ದಾಳೆ. ಅವಳ ಹಣೆಗೆ ಒದ್ದೆ ಬಟ್ಟೆ ಹಾಕುತ್ತ, ಪಾಸ್ಟರ ಹೆಂಡತಿ ಕಾಸಿಕೊಟ್ಟ ಗಂಜಿಯನ್ನು ಚಮಚದಲ್ಲಿ ಕುಡಿಸುತ್ತ, ಅರವತ್ತು ಎಡತೋಳುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಕುಳಿತೆ. "ಅಂಗಿ ಹೆಂಗ ಬರಾಕತ್ತಾವ್ರಿ?" ಎಂದು ನಡುವೆ ಒಮ್ಮೆ ಕೇಳಿದಳು. "ಭಾಳ ಛಲೋ ಬರಾಕತ್ತಾವ," ಎಂದೆ. ದೇವರ ಸೇವೆಗೆ ಬಂದು ಸುಳ್ಳು ಹೇಳಿದ್ದು ಅದೊಂದೇ ಸಲವಲ್ಲ. ಆ ಮೂರು ದಿನಗಳಲ್ಲಿ ಅದನ್ನೇ ನಾಲ್ಕು ಸಲ ಹೇಳಿದೆ.

ಇನ್ನು ಮಾಯಿ ಎಸ್ನಾತಳ ಕಥೆ. ಮಾರನೆಯ ದಿನ ಚರ್ಚಿನಲ್ಲಿ ಅವಳು ಒಂದು ತೋಳನ್ನು ತಂದು ನನ್ನ ಮುಂದೆ ಹಿಡಿದಳು. ನಾನು ಹಾಕಿದ್ದ ಗುರುತನ್ನು ಬೆರಳಿನಿಂದ ತೋರಿಸಿದಳು. ತೋಳನ್ನು ಮಗುಚಿ ಹಿಂಬದಿ ತೋರಿಸಿದಳು. ಮತ್ತೆ ಮುಂದೆ, ಮತ್ತೆ ಹಿಂದೆ. ಜೊತೆಗೆ ಉದ್ದಕ್ಕೆ ಏನೋ ಹೇಳಿದಳು. ನನಗೆ ಗೊತ್ತಿದ್ದ ಅವರ ಭಾಷೆ ಎರಡೇ ಮಾತು: 'ಜಿಕೊಮೊ' ಎಂದರೆ ಉಪಕಾರವಾಯಿತು, 'ಪೆಪಾನಿ' ಎಂದರೆ ತಪ್ಪಾಯಿತು. "ಪೆಪಾನಿ, ಮಾಯಿ, ಪೆಪಾನಿ," ಎಂದೆ. ಅವಳು ತಲೆಯಾಡಿಸಿದಳು. ಮತ್ತೆ ಮಗುಚಿದಳು, ಈ ಸಲ ಸ್ವಲ್ಪ ಜೋರಾಗಿ ಹೇಳಿದಳು. ಹೆಬ್ಬೆರಳಿನಿಂದ ನನ್ನ ಗುರುತನ್ನೇ ಉಜ್ಜಿ ಅಳಿಸಿಬಿಟ್ಟಳು. ಇವನು ಹಾಕಿದ ಗುರುತಿಗೂ ಬೆಲೆಯಿಲ್ಲ ಎನ್ನುತ್ತಿದ್ದಾಳೆಂದು ನಾನು ತಿಳಿದೆ. ಅದೂ ನಿಜವೇ ಅನ್ನಿಸಿ, ಎರಡೂ ಕೈ ಜೋಡಿಸಿ, "ಪೆಪಾನಿ," ಎಂದೆ. ಅವಳು, ಬುದ್ಧಿ ಸ್ವಲ್ಪ ಕಮ್ಮಿಯಿರುವ ಬಂಧುವಿಗೆ ತಟ್ಟುವಂತೆ ನನ್ನ ಭುಜ ತಟ್ಟಿ, ತೋಳುಗಳನ್ನೆಲ್ಲ ಬುಟ್ಟಿಗೆ ತುಂಬಿಕೊಂಡು ಮನೆಗೆ ಹೊರಟುಹೋದಳು. ಬುಟ್ಟಿಯಿಂದ ಗುರುತಿದ್ದ ಒಂದು ತೋಳು ಜಾರಿ ಬಿದ್ದಿತ್ತು. ಅದನ್ನು ಜೇಬಿಗೆ ಹಾಕಿಕೊಂಡೆ. ಮಿಕ್ಕವನ್ನು ಒಲೆಗೆ ಹಾಕಲು ಒಯ್ದಳೋ ಕೈವಸ್ತ್ರ ಮಾಡಲು ಒಯ್ದಳೋ ಎಂದು ಕೇಳದೆ, ಆಮೇಲೆ ಚರ್ಚಿನ ಕಡೆ ತಲೆಹಾಕದೆ, ಪ್ರೇಮಳ ಚಾಪೆಯ ಪಕ್ಕದಲ್ಲೇ ಕುಳಿತೆ.

ಗುಳಿಗೆ ಮುಗಿಯುವ ಹೊತ್ತಿಗೆ ಜ್ವರ ಬಿಟ್ಟಿತು. ನಾಲ್ಕನೆಯ ದಿನ ಬೆಳಿಗ್ಗೆ ಪ್ರೇಮ ಎದ್ದು ಮುಖ ತೊಳೆದು, ತಲೆ ಬಾಚಿಕೊಂಡು, "ನಡೀರಿ, ಕ್ಲಾಸಿಗೆ," ಎಂದಳು. ಬೇಡವೆಂದರೂ ಕೇಳಲಿಲ್ಲ. ನನ್ನ ರಟ್ಟೆ ಹಿಡಿದು ನಿಧಾನವಾಗಿ ನಡೆದಳು. ಅರ್ಧ ದಾರಿಯಲ್ಲಿ ಒಂದು ಮಾವಿನ ಮರವಿತ್ತು. ದಣಿವಾರಿಸಿಕೊಳ್ಳಲು ಅದರ ಬುಡದಲ್ಲಿ ಕೂತಳು. ನನಗೆ ಇನ್ನು ತಡೆಯಲಾಗಲಿಲ್ಲ.

"ಪ್ರೇಮಾ, ಒಂದು ಹೇಳ್ತೇನಿ. ಸಿಟ್ಟಾಗಬ್ಯಾಡ."

ಎಲ್ಲವನ್ನೂ ಹೇಳಿದೆ. ಪದರ ಹರಡಿದ್ದು, ಅರವತ್ತು, ಮಗುವಿನ ಕೈ, ಎಸ್ನಾತ್ ಬೈದದ್ದು, ನಾಲ್ಕು ಸಲ ಸುಳ್ಳು ಹೇಳಿದ್ದು. ಅವಳು ಕೈ ಚಾಚಿದಳು. ಜೇಬಿನಿಂದ ತೋಳು ತೆಗೆದು ಕೊಟ್ಟೆ. ಈ ಕಡೆ ನೋಡಿದಳು, ಮಗುಚಿ ಆ ಕಡೆ ನೋಡಿದಳು.

"ಇದರ ಮುಖ ಯಾವುದ್ರಿ?"

"ನಾ ಗುರುತು ಹಾಕಿದ್ದು."

"ಗುರುತು ಬಿಡ್ರಿ. ಬಟ್ಟಿ ನೋಡಿ ಹೇಳ್ರಿ."

ನೋಡಿದೆ. ಎರಡೂ ಕಡೆ ಅದೇ ನೀಲಿ, ಅದೇ ನೇಯ್ಗೆ. ಹೂವಿಲ್ಲ, ಅಚ್ಚಿಲ್ಲ, ಹೊಳಪಿಲ್ಲ.

"ಸಾದಾ ಪಾಪ್ಲಿನ್ನಿಗೆ ಎಲ್ಲಿ ಮುಖಾರಿ, ಎಲ್ಲಿ ಬೆನ್ನು? ಮೂವತ್ತು ತೋಳು ಮಗುಚಿ ಹಾಕಿದ್ರ ಮೂವತ್ತು ಬಲತೋಳು ಆತು. ಅಷ್ಟ!" ಎಂದವಳು, ತೋಳನ್ನು ನನ್ನ ಮುಖದ ಮುಂದೆ ಒಮ್ಮೆ ಮಗುಚಿದಳು, ಎಸ್ನಾತ್ ಮಗುಚಿದ ಹಾಗೆಯೇ. "ಅಕಿ ಬೈಲಿಲ್ರೀ, ಹೇಳಿಕೊಡಾಕತ್ತಿದ್ಲು!"

ಪ್ರೇಮ ನಗತೊಡಗಿದಳು. ಜ್ವರದಿಂದ ಎದ್ದ ನಗು; ನಡುನಡುವೆ ಕೆಮ್ಮು ಬಂದು ಕಣ್ಣಲ್ಲಿ ನೀರು ಬಂದರೂ ನಿಲ್ಲಲಿಲ್ಲ. ನಾನು ನೆಲದ ಮೇಲೆ ಕೂತುಬಿಟ್ಟೆ. ಎದೆಯ ಮೇಲಿನ ಚೀಲ ಇಳಿಸಿದಂತೆ ಎನ್ನುತ್ತಾರಲ್ಲ, ಹಾಗಲ್ಲ; ಆ ಚೀಲದಲ್ಲಿ ಏನೂ ಇರಲೇ ಇಲ್ಲ ಎಂದು ಗೊತ್ತಾದಂತೆ. ಹಾಗಾದಾಗ ಸಂತೋಷಕ್ಕಿಂತ ಮೊದಲು ನಾಚಿಕೆ ಬರುತ್ತದೆ.

ನಗು ಮುಗಿದ ಮೇಲೆ ಅವಳ ಮುಖ ಬಿಗಿಯಾಯಿತು. "ಒಂದು ಮಾತು ಕೇಳ್ತೇನ್ರಿ. ಬಟ್ಟಿ ಕೆಟ್ರ ಬ್ಯಾರೆ ಬಟ್ಟಿ ಸಿಗತೈತಿ. ಮೂರು ದಿನ ನನ್ನ ಮಗ್ಗಲಾಗ ಕುಂತು, ನನಗ ಹೇಳದ, ಒಬ್ಬರ ಅಂಜಿಕೋತ ಇದ್ರೆಲ್ಲ, ಅದಕ್ಕೇನ ಅನ್ಲಿ? ಗೆರಿ ಎರಡು ಬಿದ್ದಿದ್ದೂ ನಾ ನೋಡೇನಿ. ನಿಮ್ಮ ಕಾಲು ನಡಗೂದೂ ನೋಡೇನಿ. ನೀವು ಏನಿಲ್ಲ ಅಂದ್ರಿ. ನಾ ಸಾಯಾಕತ್ತೇನಿ, ಅದಕ್ಕ ಮುಚ್ಚಿಡಾಕತ್ತಾರ ಅಂತ ತಿಳಕೊಂಡೆ."

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಅವಳಿಗೆ ಧೈರ್ಯ ಕೊಡುತ್ತಿದ್ದೇನೆಂದು ನಾನು ತಿಳಿದಿದ್ದೆ. ಅವಳು ಅಲ್ಲಿ ಒಬ್ಬಳೇ, ನಾನು ಇಲ್ಲಿ ಒಬ್ಬನೇ, ನಡುವೆ ಒಂದು ಚಾಪೆಯಷ್ಟು ಜಾಗ. "ಪೆಪಾನಿ," ಎಂದೆ. ಅವಳಿಗೆ ಮತ್ತೆ ನಗು ಬಂತು.

ಚರ್ಚಿನ ಬಾಗಿಲಿಗೆ ಹೋದರೆ, ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗದ ಮೇಲೆ ಹನ್ನೊಂದು ಆಕಾಶನೀಲಿ ಅಂಗಿಗಳು ತೂಗುತ್ತಿದ್ದವು. ಹನ್ನೊಂದಕ್ಕೂ ಒಂದು ಎಡತೋಳು, ಒಂದು ಬಲತೋಳು. ಎಸ್ನಾತ್ ಪ್ರೇಮಳನ್ನು ನೋಡಿದವಳೇ ಓಡಿಬಂದು ತಬ್ಬಿಕೊಂಡಳು. ಆಮೇಲೆ ನನ್ನ ಕಡೆ ಒಮ್ಮೆ ಕಣ್ಣು ಹಾಯಿಸಿ, ಅಂಗೈಯನ್ನು ಹೀಗೆ ಮಗುಚಿ, ಹಾಗೆ ಮಗುಚಿ ತೋರಿಸಿದಳು. ಇಬ್ಬರೂ ಹೆಂಗಸರು ಒಂದೇ ಭಾಷೆಯಲ್ಲಿ ನಕ್ಕರು. "ಜಿಕೊಮೊ, ಮಾಯಿ," ಎಂದೆ. ಆ ಮೂರು ದಿನದಲ್ಲಿ ನಾನು ಆಡಬೇಕಾಗಿದ್ದ ಮಾತು ಅದು. ಇನ್ನೊಂದನ್ನೇ ಆಡುತ್ತ ಕುಳಿತಿದ್ದೆ.

ಮೂವತ್ತೂ ಅಂಗಿ ಮುಗಿದವು. ಊರಿಗೆ ಬಂದ ಮೇಲೆ ಭಾನುವಾರದ ಆರಾಧನೆಯಲ್ಲಿ, ಅಲ್ಲಿ ದೇವರು ನಡೆಸಿದ್ದಕ್ಕೆ ಸಾಕ್ಷಿ ಹೇಳಲು ಅಯ್ಯನವರು ನನ್ನನ್ನೂ ನಿಲ್ಲಿಸಿದರು. ಬ್ಯಾಡಗಿಯ ಹೆಣ್ಣುಮಕ್ಕಳು ಬಂದು ಮುಂದಿನ ಸಾಲಿನಲ್ಲೇ ಕೂತಿದ್ದರು. ಏನಾದರೂ ದೊಡ್ಡದನ್ನು ಹೇಳಬೇಕೆಂದು ಬರೆದುಕೊಂಡಿದ್ದ ಚೀಟಿಯನ್ನು ಮಡಚಿಟ್ಟು ಇದೇ ಕಥೆಯನ್ನು ಹೇಳಿದೆ. ಹೇಳುತ್ತ ಬೆವೆತುಹೋದೆ. ನೀಲವ್ವ ಕೂತಲ್ಲಿಂದಲೇ ಕೇಳಿದಳು: "ಹುಡುಗೂರು ಅಂಗಿ ಹಾಕ್ಕೊಂಡ್ವಿಲ್ರಿ?"

"ಹಾಕ್ಕೊಂಡ್ವಬೇ. ಮೂವತ್ತೂ."

"ಮತ್ತ ಸಾಕ ಬಿಡ್ರಿ ಯಪ್ಪಾ. ನಾವೇನು ಮುಖಾ ನೋಡಿ ಕೊಟ್ಟಿದ್ವೇನು?"

ಇಡೀ ಸಭೆ ನಕ್ಕಿತು. ಆಮೇಲಿನ ಹಾಡನ್ನು ಅಷ್ಟು ಗಟ್ಟಿಯಾಗಿ ನಾನು ಎಂದೂ ಹಾಡಿರಲಿಲ್ಲ.

ಹಾವೇರಿಯ ಬೆಂಚಿಗೆ ಬರೋಣ. ಒಂದು ತಾಸು ಎಂದಿದ್ದರು, ಒಂದೂವರೆ ಆಗಿತ್ತು. ಒಳಗಿನಿಂದ ಒಂದೊಂದೇ ಹೆಸರು ಕೂಗುತ್ತಿದ್ದರು, ನಮ್ಮದು ಬರಲಿಲ್ಲ. ಅವಳ ಕೈ ಮುಟ್ಟಿ ನೋಡಿದೆ, ಬಿಸಿಯಿತ್ತು. ಏನಿಲ್ಲ ಬಿಡು ಎಂಬ ಮಾತು ಹಳೆಯ ರೂಢಿಯಂತೆ ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡೆ.

"ಪ್ರೇಮಾ, ನನಗ ಅಂಜಿಕಿ ಬರಾಕತ್ತೈತಿ."

ಅವಳು ಕಣ್ಣು ತೆರೆಯಲಿಲ್ಲ. "ನನಗೂ ಬರಾಕತ್ತೈತ್ರಿ," ಎಂದಳು. "ಹತ್ರ ಸರೀರಿ."

ಸರಿದು ಕುಳಿತೆ. ಅಂಜಿಕೆ ಹೋಗಲಿಲ್ಲ. ಆದರೆ ಒಂದೇ ಹೊದಿಕೆಯಲ್ಲಿ ಇಬ್ಬರು ಕೂತಂತೆ ಆಯಿತು. ಹಾಗೆ ಎಷ್ಟು ಹೊತ್ತು ಕೂತಿದ್ದೆವೋ, "ಪ್ರೇಮಲತಾ ಅನ್ನೋರು ಯಾರ್ರಿ?" ಎಂದು ಕಿಟಕಿಯಿಂದ ಕೂಗಿದರು. ನಾನು ಏಳುವ ಮೊದಲೇ ಅವಳು ಎದ್ದು ಹೋದಳು. ಕಿಟಕಿಯ ಆಚೆಗಿದ್ದ ಹುಡುಗಿ ಕಾಗದ ಚಾಚುತ್ತ, "ಮಲೇರಿಯಾ ಇಲ್ಲ ಬಿಡ್ರಿ ಅಕ್ಕಾರ. ಥಂಡಿ ಜ್ವರ ಇರಬೇಕು, ಡಾಕ್ಟರಿಗೆ ತೋರಸ್ರಿ," ಎಂದದ್ದು ನನಗೂ ಕೇಳಿಸಿತು.

ಪ್ರೇಮ ಕಾಗದ ಮಡಚಿಕೊಂಡು ಬಂದು ನನ್ನ ಮುಂದೆ ನಿಂತಳು. "ಏಳ್ರಿ, ಹೋಗೂಣು."

"ತಡಿ," ಎಂದೆ. "ಕಾಲಾಗ ಶಕ್ತಿ ಬರ್ಲಿ."

ಅವಳು ನನ್ನ ಕಾಲುಗಳನ್ನು ನೋಡಿದಳು. ಮತ್ತೆ ನನ್ನ ಪಕ್ಕದಲ್ಲಿ ಕುಳಿತಳು.